ತಿರುಗಬೇಡ, ಕೆಳಗಿಡು, ಕೈ ಎತ್ತು

ಹದಿನೆಂಟನೇ ಗುಂಡಿಗೆ ಮಗಳ ಪಿಸ್ತೂಲು ಕೈಕೊಟ್ಟಿತು. ಟ್ರಿಗರ್ ಒತ್ತಿದಳು, ಸದ್ದಿಲ್ಲ. ಇನ್ನೊಮ್ಮೆ ಒತ್ತಿದಳು, ಆಗಲೂ ಇಲ್ಲ. ಹದಿನಾಲ್ಕು ವರ್ಷದ ಹುಡುಗಿ, ಬೆಂಗಳೂರಿನಲ್ಲಿ ಅದು ಅವಳ ಮೊದಲ ಏರ್ ಪಿಸ್ತೂಲು ಸ್ಪರ್ಧೆ. ಬೆನ್ನ ಹಿಂದೆ ಅಪ್ಪ ಕೂತಿದ್ದಾನೆ ಅನ್ನುವುದಷ್ಟೇ ಆ ಕ್ಷಣಕ್ಕೆ ಅವಳಿಗೆ ಹೊಳೆದದ್ದು. ‘ಅಪ್ಪಾ, ಇದು ಹಿಡ್ಕೊಂಡೈತಿ’ ಎನ್ನುತ್ತ ನಮ್ಮ ಕಡೆ ತಿರುಗಿಬಿಟ್ಟಳು. ಪಿಸ್ತೂಲು ಕೈಯಲ್ಲೇ ಇತ್ತು. ಅದರ ಬಾಯಿ ಪಕ್ಕದ ಲೇನಿನ ಹುಡುಗನ ಪಕ್ಕೆಯನ್ನು ಸವರಿಕೊಂಡು ನಾವೆಲ್ಲ ಕೂತಿದ್ದ ಬೆಂಚಿನತ್ತ ಬಂದು ನಿಂತಿತು.

ರೇಂಜ್ ಆಫೀಸರ್ ಎರಡೇ ಹೆಜ್ಜೆಯಲ್ಲಿ ಬಂದು ಅವಳ ಮಣಿಕಟ್ಟು ಹಿಡಿದು ಗುರಿಯ ಕಡೆಗೆ ತಿರುಗಿಸಿದರು. ‘ತಿರುಗಬೇಡ. ಕೆಳಗಿಡು. ಕೈ ಎತ್ತು.’ ದನಿ ಏರಿಸಲಿಲ್ಲ. ಪಿಸ್ತೂಲನ್ನು ತಾವೇ ತೆಗೆದುಕೊಂಡು, ಗುರಿಗೆ ಹಿಡಿದು, ಮತ್ತೆ ಕಾಕ್ ಮಾಡಿ ಒತ್ತಿದರು. ‘ಟಪ್’ ಎಂದು ಪೆಲೆಟ್ ಹೋಗಿ ಗುರಿಗೆ ಬಡಿಯಿತು. ಖಾಲಿ ಅಂತ ನಾವಂದುಕೊಂಡಿದ್ದ ನಳಿಗೆಯಲ್ಲಿ ಗುಂಡು ಕೂತಿತ್ತು. ಅವಳನ್ನು ಸ್ಪರ್ಧೆಯಿಂದ ಹೊರಗೆ ಕಳಿಸಿದರು. ಮಗು, ಮೊದಲ ಸಲ, ಒಂದು ಅವಕಾಶ ಕೊಡಿ ಎಂದು ಕೇಳಲು ನಾನು ಅರ್ಧ ಎದ್ದಿದ್ದೆ. ಆ ‘ಟಪ್’ ಕೇಳಿದ ಮೇಲೆ ಮಾತು ಹೊರಡಲಿಲ್ಲ.

ರಾತ್ರಿ ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ಹೊಸಪೇಟೆಗೆ ಮರಳುವಾಗ ಅವಳು ಅತ್ತು ಸುಸ್ತಾಗಿ ಮಲಗಿದಳು. ನನಗೆ ನಿದ್ದೆ ಬರಲಿಲ್ಲ. ಕಾಲು ಊರುವುದು, ಉಸಿರು ಹದಗೊಳಿಸುವುದು, ಮುಂದಿನ ಸೈಟಿನ ಮೇಲೆ ಕಣ್ಣು ನೆಡುವುದು, ಎಲ್ಲ ಕಲಿಸಿದ್ದೆವು. ಕೆಟ್ಟುನಿಂತಾಗ ಏನು ಮಾಡಬೇಕೆಂದು ಬಾಯಿಮಾತಿನಲ್ಲಿ ಹೇಳಿದ್ದೂ ಉಂಟು. ಆದರೆ ಬಾಯಲ್ಲಿ ಹೇಳುವುದು ಬೇರೆ, ಕೈಗೆ ಹತ್ತುವುದು ಬೇರೆ. ಗಾಬರಿಯಾದಾಗ ಮನುಷ್ಯ ನೆನಪಿನಿಂದ ಕೆಲಸ ಮಾಡುವುದಿಲ್ಲ, ರೂಢಿಯಿಂದ ಮಾಡುತ್ತಾನೆ. ಅಂದಿನಿಂದ ನಾನು ಕೇಳಿ, ನೋಡಿ, ಮನೆಯಲ್ಲಿ ಮಾಡಿಸಿ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಮಕ್ಕಳ ಕೈಗೆ ಏರ್ ಪಿಸ್ತೂಲು ಕೊಡಬೇಕೆಂದಿರುವ ಹೊಸಪೇಟೆ, ಸಂಡೂರಿನ ತಂದೆತಾಯಿಗಳಿಗೂ, ಕಂಪ್ಲಿ ಕಡೆಯ ಗದ್ದೆಮನೆಗಳಲ್ಲಿ ಬೆಳೆ ಕಾಯಲು ಬಂದೂಕು ಇಟ್ಟುಕೊಂಡವರಿಗೂ ಇದು ಸಲ್ಲಬೇಕೆಂಬುದು ನನ್ನ ಆಸೆ.

ಓಡುತ್ತ ಹೊಡೆಯುವವರ ಶಿಸ್ತು

ಪಿಸ್ತೂಲಿನ ಶಿಸ್ತು ತೀರ ಬಿಗಿಯಾಗಿರುವುದು ನಿಂತಲ್ಲೇ ನಿಂತು ಹೊಡೆಯುವ ಆಟದಲ್ಲಲ್ಲ, ಓಡುತ್ತ ಹೊಡೆಯುವ ಆಟದಲ್ಲಿ. ಅದಕ್ಕೆ ಪ್ರಾಕ್ಟಿಕಲ್ ಶೂಟಿಂಗ್ ಎಂದು ಹೆಸರು. 1976ರಲ್ಲಿ ಅಮೆರಿಕದ ಮಿಸೌರಿ ರಾಜ್ಯದ ಕೊಲಂಬಿಯಾ ಊರಿನಲ್ಲಿ ಸೇರಿದ ಸಭೆಯಲ್ಲಿ ಇದರ ಅಂತರರಾಷ್ಟ್ರೀಯ ಒಕ್ಕೂಟ ಐಪಿಎಸ್‌ಸಿ ಹುಟ್ಟಿತು; ಜೆಫ್ ಕೂಪರ್ ಅದರ ಮೊದಲ ಅಧ್ಯಕ್ಷರು. ಸೊಂಟದ ಚೀಲದಿಂದ ಪಿಸ್ತೂಲು ತೆಗೆದು, ತಡಿಕೆಗಳ ಮರೆಯಿಂದ ಮರೆಗೆ ಓಡುತ್ತ, ಕಾಗದದ ಮತ್ತು ಉಕ್ಕಿನ ಗುರಿಗಳಿಗೆ ಹೊಡೆಯಬೇಕು. ಗಳಿಸಿದ ಅಂಕವನ್ನು ಹಿಡಿದ ಸೆಕೆಂಡುಗಳಿಂದ ಭಾಗಿಸಿದರೆ ಬರುವುದೇ ಫಲಿತಾಂಶ. ನಿಖರತೆ, ಬಲ, ವೇಗ ಮೂರನ್ನೂ ಒಟ್ಟಿಗೆ ಅಳೆಯುವ ಆಟ. 2022ರಲ್ಲಿ ಇದರ ವಿಶ್ವಕೂಟ ಥಾಯ್ಲೆಂಡಿನಲ್ಲಿ ನಡೆಯಿತು.

ಇಷ್ಟೊಂದು ಓಟ, ಇಷ್ಟೊಂದು ಗುಂಡು. ಅದಕ್ಕೇ ಅಲ್ಲಿನ ನಿಯಮಗಳನ್ನು ಓದುವುದು ನಮಗೂ ಒಂದು ಪಾಠ. ಅಂಗಳಕ್ಕೆ ಬರುವಾಗ ಎಲ್ಲರ ಪಿಸ್ತೂಲೂ ಖಾಲಿ. ಆಫೀಸರ್ ಹೇಳುವ ತನಕ ತೋಟಾ ತುಂಬುವಂತಿಲ್ಲ. ಸರದಿ ಮುಗಿದ ಮೇಲೆ ‘ಅನ್‌ಲೋಡ್ ಅಂಡ್ ಶೋ ಕ್ಲಿಯರ್’ ಎಂದಾಗ ಮ್ಯಾಗಜಿನ್ ತೆಗೆದು, ಚೇಂಬರ್ ಬಿಚ್ಚಿ, ಇನ್ನೊಬ್ಬರ ಕಣ್ಣಿಗೆ ಖಾಲಿ ಎಂದು ತೋರಿಸಬೇಕು. ಆಮೇಲೂ ಗುರಿಯ ಕಡೆ ಹಿಡಿದು ಒಮ್ಮೆ ಟ್ರಿಗರ್ ಒತ್ತಬೇಕು. ‘ರೇಂಜ್ ಈಸ್ ಕ್ಲಿಯರ್’ ಎಂಬ ಮಾತು ಕಿವಿಗೆ ಬೀಳುವವರೆಗೆ ಯಾರೂ ಮುಂದಕ್ಕೆ ಹೆಜ್ಜೆ ಇಡುವುದಿಲ್ಲ. ನಳಿಗೆಯ ಬಾಯಿ ಎಡಕ್ಕಾಗಲಿ ಬಲಕ್ಕಾಗಲಿ 90 ಡಿಗ್ರಿ ಮೀರಿದರೆ, ಅಂದರೆ ಭುಜದ ಗೆರೆ ದಾಟಿ ಹಿಂದಕ್ಕೆ ಹೊರಳಿದರೆ, ಆ ಆಟಗಾರ ಅಲ್ಲಿಗೆ ಹೊರಗೆ. ಓಡುವಾಗ ಬೆರಳು ಟ್ರಿಗರ್ ಬಳೆಯ ಹೊರಗೆ, ನೋಡುವವರಿಗೆ ಕಾಣುವಂತೆ ಇರಬೇಕು. ಪಿಸ್ತೂಲು ಕೈಜಾರಿದರೆ, ಖಾಲಿಯಿದ್ದರೂ ಅಷ್ಟೆ, ಆಟ ಮುಗಿಯಿತು. ಆ ಒಂದು ಸುತ್ತಿನಿಂದ ಮಾತ್ರವಲ್ಲ, ಇಡೀ ಪಂದ್ಯದಿಂದ.

ಕೈಜಾರುವ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. ಬೀಳುವ ಚೊಂಬನ್ನು ನಾವು ಹಾರಿ ಹಿಡಿಯುತ್ತೇವೆ; ಆ ಅಭ್ಯಾಸ ಹುಟ್ಟಿನಿಂದ ಬಂದದ್ದು. ಬೀಳುವ ಪಿಸ್ತೂಲನ್ನು ಮಾತ್ರ ಹಿಡಿಯಲು ಹೋಗಬಾರದು. ಗಡಿಬಿಡಿಯ ಬೆರಳು ನೇರ ಟ್ರಿಗರ್‌ಗೇ ಹೋಗಿ ಸಿಕ್ಕಿಕೊಳ್ಳುತ್ತದೆ. ನೆಲಕ್ಕೆ ಬೀಳಲಿ, ಕೆಟ್ಟರೆ ದುಡ್ಡು ಹೋಗುತ್ತದೆ ಅಷ್ಟೆ. ಬಿದ್ದದ್ದನ್ನೂ ಆಟಗಾರ ಎತ್ತುವಂತಿಲ್ಲ, ಆಫೀಸರ್ ಬಂದು ಎತ್ತಿ, ಖಾಲಿಮಾಡಿ ಕೊಡಬೇಕು. ಇದನ್ನು ಮಗಳಿಗೆ ನಾನು ಕಲಿಸಿದ್ದು ಒಂದು ಮರದ ತುಂಡು ಕೊಟ್ಟು. ಅವಳ ಕೈಯಿಂದ ಅದನ್ನು ನಾನೇ ಬೀಳಿಸುತ್ತಿದ್ದೆ. ಅವಳು ಎರಡೂ ಕೈ ಹಿಂದಕ್ಕೆ ತೆಗೆದು ಸುಮ್ಮನೆ ನಿಲ್ಲಬೇಕು. ಒಂದು ವಾರ ಹಿಡಿಯಿತು.

ಅಲ್ಲಿನ ಇನ್ನೊಂದು ಏರ್ಪಾಡು ನನಗೆ ತುಂಬ ಹಿಡಿಸಿತು. ಪಿಸ್ತೂಲನ್ನು ಒರೆಸಲು, ಬಿಚ್ಚಿ ನೋಡಲು, ಗುಂಡಿಲ್ಲದೆ ಕೈ ಪಳಗಿಸಲು ಒಂದು ಜಾಗ ಗುರುತು ಮಾಡಿರುತ್ತಾರೆ. ಆ ಜಾಗದಲ್ಲಿ ಪಿಸ್ತೂಲು ಮುಟ್ಟಬಹುದು, ಆದರೆ ತೋಟಾ ಮುಟ್ಟುವಂತಿಲ್ಲ, ಸುಳ್ಳು ತೋಟಾ ಕೂಡ. ಉಳಿದೆಡೆ ತೋಟಾ ಮುಟ್ಟಬಹುದು, ಪಿಸ್ತೂಲು ಮುಟ್ಟುವಂತಿಲ್ಲ. ಎರಡೂ ಒಂದೇ ಕಡೆ ಸೇರುವುದು ಆಫೀಸರ್ ಕಣ್ಣೆದುರು ಮಾತ್ರ. ಮನೆಯಲ್ಲೂ ಇದನ್ನು ತಪ್ಪದೆ ಪಾಲಿಸಬಹುದು. ಗುಂಡಿಲ್ಲದ ಅಭ್ಯಾಸ, ಅಂದರೆ ಡ್ರೈ ಪ್ರಾಕ್ಟೀಸ್, ನಡೆಯುವ ಕೋಣೆಯಲ್ಲಿ ಪೆಲೆಟ್ ಡಬ್ಬಿಯೇ ಇರಕೂಡದು. ನಮ್ಮ ಮನೆಯಲ್ಲಿ ಡಬ್ಬಿ ಅಡುಗೆಮನೆ ದಾಟಿ ಅಜ್ಜಿಯ ಕೋಣೆಯ ಟ್ರಂಕಿನಲ್ಲಿದೆ. ಕೇಳಿ ತರಬೇಕು, ಎಣಿಸಿ ಮರಳಿಸಬೇಕು.

ಈ ಆಟವನ್ನೇ ಇಲ್ಲಿ ಆಡಬಹುದೇ ಎಂದು ಹುಡುಗರು ಕೇಳುತ್ತಾರೆ. ಸುಲಭವಿಲ್ಲ. ಐಪಿಎಸ್‌ಸಿ ಪಿಸ್ತೂಲು ಸ್ಪರ್ಧೆಗೆ ಕನಿಷ್ಠ 9 ಮಿ.ಮೀ. ತೋಟಾ ಬೇಕು. ನಮ್ಮ ದೇಶದಲ್ಲಿ 9 ಮಿ.ಮೀ. ಪಿಸ್ತೂಲು ಸೈನ್ಯ, ಪೊಲೀಸರಿಗೆ ಮೀಸಲಾದ ನಿಷೇಧಿತ ಬೋರ್. ಸಾಮಾನ್ಯ ನಾಗರಿಕರ ಪರವಾನಗಿಗೆ ಅದು ಸಿಗುವುದಿಲ್ಲ. ಒಲಿಂಪಿಕ್ ಆಟಗಳಲ್ಲಿ ಇದಕ್ಕೆ ಹತ್ತಿರದ್ದು 25 ಮೀಟರ್ ರ‍್ಯಾಪಿಡ್ ಫೈರ್ ಪಿಸ್ತೂಲು: ಸಾಲಾಗಿ ಐದು ಗುರಿ, ಐದು ಗುಂಡು, ಮೊದಲು 8 ಸೆಕೆಂಡು, ಆಮೇಲೆ 6, ಕೊನೆಗೆ 4. 2012ರ ಲಂಡನ್ನಿನಲ್ಲಿ ವಿಜಯ್ ಕುಮಾರ್ ಇದರಲ್ಲೇ ಬೆಳ್ಳಿ ತಂದರು. ಆದರೆ ಹೊಸದಾಗಿ ಕಲಿಯುವವರಿಗೆ ಬಾಗಿಲು 10 ಮೀಟರ್ ಏರ್ ಪಿಸ್ತೂಲು, ಮತ್ತು ಅದೇ ಸರಿಯಾದ ಬಾಗಿಲು.

ಎಲ್ಲಿಂದ ಶುರು ಮಾಡಬೇಕು

0.177 ಅಂಗುಲ, ಅಂದರೆ 4.5 ಮಿ.ಮೀ. ಬೋರಿನ, 20 ಜೂಲ್ ಶಕ್ತಿ ಮೀರದ ಏರ್ ಪಿಸ್ತೂಲಿಗೂ ಏರ್ ರೈಫಲ್‌ಗೂ ಪರವಾನಗಿ ಬೇಕಿಲ್ಲ. ಕೊಳ್ಳುವಾಗ ಗುರುತಿನ ದಾಖಲೆ ಕೊಡಬೇಕು, ಅಂಗಡಿಯವರು ಬರೆದಿಟ್ಟುಕೊಳ್ಳಬೇಕು. ರಸೀದಿಯನ್ನು ಪೆಟ್ಟಿಗೆಯಲ್ಲೇ ಇಡಿ. ಸ್ಪರ್ಧೆಗೆ ತಕ್ಕ ಆಮದು ಪಿಸ್ತೂಲು ಲಕ್ಷ ರೂಪಾಯಿ ದಾಟುತ್ತದೆ. ಮೊದಲ ವರ್ಷ ಕೊಳ್ಳುವ ಅಗತ್ಯವೇ ಇಲ್ಲ, ಕ್ಲಬ್ಬಿನದನ್ನು ಬಳಸಿ ಕಲಿಯಬಹುದು. ಮಗುವಿನ ಕೈ, ಮನಸ್ಸು ಎರಡೂ ಒಪ್ಪಿದ ಮೇಲೆ ನೋಡಿದರಾಯಿತು.

ದಾರಿ ಹೀಗಿದೆ: ಕ್ಲಬ್ಬಿನ ಮೂಲಕ ಕರ್ನಾಟಕ ರಾಜ್ಯ ರೈಫಲ್ ಸಂಸ್ಥೆ, ಅಲ್ಲಿಂದ ಅರ್ಹತೆಯ ಪಂದ್ಯಗಳು, ಆಮೇಲೆ ರಾಷ್ಟ್ರೀಯ ಪಂದ್ಯಾವಳಿ. ಅರ್ಹತೆಯ ಪಂದ್ಯಕ್ಕೆ ಜಿ.ವಿ. ಮಾವಳಂಕರ್ ಅವರ ಹೆಸರಿದೆ. ಲೋಕಸಭೆಯ ಮೊದಲ ಸ್ಪೀಕರ್ ಆಗಿದ್ದ ಅವರೇ 1951ರಲ್ಲಿ ಹುಟ್ಟಿದ ಭಾರತೀಯ ರಾಷ್ಟ್ರೀಯ ರೈಫಲ್ ಸಂಸ್ಥೆಯ ಸ್ಥಾಪಕ ಅಧ್ಯಕ್ಷರು. 2016ರ ರಿಯೋ ಒಲಿಂಪಿಕ್ಸ್‌ಗೆ ಹೋದ ಬೆಂಗಳೂರಿನ ಪ್ರಕಾಶ್ ನಂಜಪ್ಪ, 2023ರಲ್ಲಿ ಬಾಕುವಿನ ವಿಶ್ವಕಪ್‌ನಲ್ಲಿ ಸರಬ್‌ಜೋತ್ ಸಿಂಗ್ ಜೊತೆ ಮಿಶ್ರ ತಂಡದ ಚಿನ್ನ ಗೆದ್ದ ಟಿ.ಎಸ್. ದಿವ್ಯಾ, ಇಬ್ಬರೂ ನಮ್ಮ ರಾಜ್ಯದ ಏರ್ ಪಿಸ್ತೂಲು ಆಟಗಾರರು.

ಆಟ ಬೇಡ, ಬಂದೂಕಿನ ತಿಳಿವಳಿಕೆ ಬೇಕು ಎನ್ನುವ ದೊಡ್ಡವರಿಗೆ ಪೊಲೀಸ್ ಇಲಾಖೆ ನಡೆಸುವ ನಾಗರಿಕ ಬಂದೂಕು ತರಬೇತಿ ಇದೆ. ಪರವಾನಗಿ ಕೇಳುವವರಿಗೆ 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಸುರಕ್ಷತಾ ತರಬೇತಿಯ ಪ್ರಮಾಣಪತ್ರವೂ ಬೇಕಾಗುತ್ತದೆ. ಇಲ್ಲಿ ನಮ್ಮವರು ಎಡವುವ ಒಂದು ಸಣ್ಣ ವಿಷಯವಿದೆ: 2021ರಲ್ಲಿ ವಿಜಯನಗರ ಜಿಲ್ಲೆ ಆದ ಮೇಲೆ ಹೊಸಪೇಟೆ, ಹಂಪಿಯವರು ವಿಜಯನಗರ ಜಿಲ್ಲಾ ಪೊಲೀಸರನ್ನು ಕೇಳಬೇಕು; ಸಂಡೂರು, ಕಂಪ್ಲಿಯವರು ಬಳ್ಳಾರಿಯವರನ್ನು. ಕಾಲೇಜಿನಲ್ಲಿ ಎನ್‌ಸಿಸಿ ಇದ್ದರೆ ಮಕ್ಕಳನ್ನು ಸೇರಿಸಿ. ಅಲ್ಲಿ .22 ರೈಫಲ್ ಕೈಗೆ ಬರುವ ಮುಂಚೆ ಬರುವುದು ಆಜ್ಞೆ ಕೇಳುವ ಪಾಠ.

ಹೆಬ್ಬಂಡೆಗೆ ಹೊಡೆಯಬೇಡಿ

ಈಗ ನಮ್ಮ ನೆಲದ ಮಾತು. ಪುಸ್ತಕದ ಯಾವ ನಿಯಮಕ್ಕಿಂತಲೂ ನಮಗೆ ಇದು ಹೆಚ್ಚು ಬೇಕಾದದ್ದು.

ಪ್ರಾಕ್ಟಿಕಲ್ ಶೂಟಿಂಗ್‌ನಲ್ಲಿ ಉಕ್ಕಿನ ಗುರಿಗೆ 7 ಮೀಟರ್‌ಗಿಂತ ಹತ್ತಿರ ನಿಂತು ಪಿಸ್ತೂಲು ಹಾರಿಸುವಂತಿಲ್ಲ. ಗಟ್ಟಿ ಮೈಗೆ ಬಡಿದ ಸೀಸ ಚೂರಾಗಿ ಹೊಡೆದವನ ಕಡೆಗೇ ಹಾರಿ ಬರುತ್ತದೆ. ಗುರಿಯ ಉಕ್ಕನ್ನಾದರೂ ನುಣುಪಾಗಿ, ಚೂರುಗಳು ನೆಲಕ್ಕೆ ಬೀಳುವ ಹಾಗೆ ನಿಲ್ಲಿಸಿರುತ್ತಾರೆ. ನಮ್ಮಲ್ಲಿ ಏನಾಗುತ್ತದೆ? ಹೊಸಪೇಟೆ ದಾಟಿದರೆ ಕಮಲಾಪುರ, ಹಂಪಿ, ಕಂಪ್ಲಿಯ ತನಕ ಎಲ್ಲಿ ನೋಡಿದರೂ ಹೆಬ್ಬಂಡೆ. ಏರ್‌ಗನ್ ಸಿಕ್ಕ ಹುಡುಗರು ಬಂಡೆಯ ಮೇಲೆ ಬಾಟಲಿಯನ್ನೋ ಸುಣ್ಣದ ಗುರುತನ್ನೋ ಇಟ್ಟು ಹೊಡೆಯುತ್ತಾರೆ. ಬೆಣಚುಕಲ್ಲಿನ ದುಂಡು ಮೈ, ಒಂದೊಂದು ಕಡೆ ಒಂದೊಂದು ಓರೆ. ತಿರುಗೇಟು ಯಾವ ಕಡೆಗೆ ಎಂದು ಯಾರೂ ಹೇಳಲಾರರು. 10 ಮೀಟರ್ ದೂರದಿಂದ ಹೊಡೆದ ಪೆಲೆಟ್ ಕೆನ್ನೆಗೆ ಮರಳಿ ಬಡಿದದ್ದನ್ನು ನಾನೇ ಕಂಡಿದ್ದೇನೆ. ಅರ್ಧ ಅಂಗುಲ ಮೇಲಾಗಿದ್ದರೆ ಕಣ್ಣು.

ಬಂಡೆಯಷ್ಟೇ ಕೆಟ್ಟದ್ದು ನೀರು. ತುಂಗಭದ್ರೆಯ ಕಾಲುವೆಗಳಲ್ಲಿ, ನೀರು ನಿಂತ ಭತ್ತದ ಗದ್ದೆಯಲ್ಲಿ ಓರೆಯಾಗಿ ಬಿದ್ದ ಗುಂಡು ನೀರಿನ ಮೇಲೆ ಕಪ್ಪೆಕಲ್ಲಿನಂತೆ ಜಿಗಿದು ಮುಂದೆ ಹೋಗುತ್ತದೆ. ಆ ಬದುವಿನಾಚೆ ನಾಟಿ ಮಾಡುವ ಹೆಂಗಸರಿರುತ್ತಾರೆ. .22 ತೋಟಾದ ಗುಂಡು ಒಂದೂವರೆ ಕಿಲೋಮೀಟರ್ ಹೋಗಬಲ್ಲದು ಎನ್ನುವುದನ್ನು ನೆನಪಿಡಿ; ಬಯಲಿನಲ್ಲಿ ‘ಅಲ್ಲಿ ಯಾರೂ ಇಲ್ಲ’ ಅನ್ನುವ ಮಾತಿಗೆ ಬೆಲೆಯಿಲ್ಲ.

ಗುಂಡನ್ನು ನುಂಗುವುದು ಮಣ್ಣು. ಕಲ್ಲು ಆಯ್ದು ತೆಗೆದ ಮಣ್ಣಿನ ದಿಬ್ಬ, ಆಳುದ್ದಕ್ಕೆ ಮೀರಿದ ಎತ್ತರ. ಏರ್ ಪಿಸ್ತೂಲಿಗಾದರೆ ಮನೆಯಲ್ಲೇ ವ್ಯವಸ್ಥೆ ಮಾಡಬಹುದು: ದಪ್ಪ ತಗಡಿನ ಪೆಟ್ಟಿಗೆ, ಒಳಗೆ ಕೆಳಮುಖವಾಗಿ ಓರೆ ಕೂರಿಸಿದ ಉಕ್ಕಿನ ಹಲಗೆ, ತಳದಲ್ಲಿ ಮರಳು. ಪೆಲೆಟ್ ಹಲಗೆಗೆ ಬಡಿದು ಮರಳಿಗೆ ಬೀಳುತ್ತದೆ. ಗುರಿ ತಪ್ಪಿದ್ದಕ್ಕೆ ಪೆಟ್ಟಿಗೆಯ ಹಿಂದೆ ಒಂದು ಹಳೆಯ ಕೌದಿ ನೇತುಹಾಕಿ. ಬಿಗಿದು ಕಟ್ಟಬೇಡಿ, ಸಡಿಲಾಗಿ ಜೋಲಾಡಬೇಕು; ಬಿಗಿದ ಬಟ್ಟೆಯನ್ನು ಪೆಲೆಟ್ ತೂರಿಹೋಗುತ್ತದೆ, ಜೋಲುವ ಬಟ್ಟೆ ಅದರ ಕಸುವು ಹೀರುತ್ತದೆ. ಗುರಿಯ ಆಚೀಚೆ ಬಾಗಿಲು, ಕಿಟಕಿ ಇರಕೂಡದು. ಇದ್ದರೆ ಒಳಗಿನಿಂದ ಚಿಲಕ ಹಾಕಿ. ಮಾಳಿಗೆಯ ಮೇಲೆ ಅಭ್ಯಾಸ ಬೇಡವೇ ಬೇಡ, ಪಕ್ಕದ ಮನೆಯವರು ಸಂಡಿಗೆ ಒಣಹಾಕಲು ಯಾವಾಗ ಮೇಲೆ ಬರುತ್ತಾರೋ ಹೇಳಲಾಗದು.

ಗುರಿ ನೋಡಲು ಮುಂದೆ ಹೋಗುವಾಗ ಎಲ್ಲ ಪಿಸ್ತೂಲುಗಳೂ ಮೇಜಿನ ಮೇಲೆ, ಬಾಯಿ ಗುರಿಯ ಕಡೆಗೆ, ನಳಿಗೆಯಲ್ಲಿ ಸೇಫ್ಟಿ ಫ್ಲ್ಯಾಗ್. ಕಣ್ಣಿಗೆ ಹೊಡೆಯುವ ಬಣ್ಣದ ಆ ತೆಳು ದಾರ ಗುಂಡು ಕೂರುವ ಜಾಗದಿಂದ ನಳಿಗೆಯುದ್ದಕ್ಕೂ ಹಾಯ್ದು ಬಾಯಿಯಿಂದ ಆಚೆ ಕಂಡರೆ ಒಳಗೆ ಗುಂಡಿಲ್ಲ ಎಂಬುದು ದೂರದಿಂದಲೇ ಗೊತ್ತಾಗುತ್ತದೆ. ಅಂಗಡಿಯದು ಸಿಗದಿದ್ದರೆ ಹುಲ್ಲು ಕತ್ತರಿಸುವ ಯಂತ್ರದ ನೈಲಾನ್ ದಾರವೇ ಸಾಕು. ಯಾರೂ ಗೆರೆಯ ಮುಂದೆ ತಲೆ ಚಾಚಬಾರದು. 1520ರ ರಾಯಚೂರು ಮುತ್ತಿಗೆಯಲ್ಲಿ ಕೃಷ್ಣದೇವರಾಯನ ಪರವಾಗಿ ಕ್ರಿಸ್ಟೋವಾವ್ ದೆ ಫಿಗೆರೆದೋ ಎಂಬ ಪೋರ್ಚುಗೀಸನ ಕೋವಿಗಾರರು ನಿಂತಿದ್ದರು. ಕೋಟೆಯ ಅಧಿಕಾರಿ ಕೆಳಗೆ ಏನು ನಡೆದಿದೆ ಎಂದು ಬಗ್ಗಿ ನೋಡಿದಾಗ ಹಣೆಗೆ ಗುಂಡು ಬಿತ್ತೆಂದು ಆ ಕಾಲದ ಪೋರ್ಚುಗೀಸ್ ಬರಹಗಾರ ನೂನಿಜ್ ಬರೆದಿಟ್ಟಿದ್ದಾನೆ. ‘ಬಿತ್ತೇನು?’ ಎಂದು ಕತ್ತು ಚಾಚುವ ಮಕ್ಕಳಿಗೆ ನಾನು ಈ ಕತೆ ಹೇಳುತ್ತೇನೆ. ಹಂಪಿಯ ಮಕ್ಕಳಿಗೆ ಅದು ಬೇಗ ನಾಟುತ್ತದೆ.

ಸ್ಪರ್ಧೆಯ ದಿನ

10 ಮೀಟರ್ ಏರ್ ಪಿಸ್ತೂಲಿನಲ್ಲಿ 10 ಅಂಕದ ವೃತ್ತ 11.5 ಮಿ.ಮೀ. ಅಗಲ. ಟ್ರಿಗರ್ ಕನಿಷ್ಠ 500 ಗ್ರಾಂ ಭಾರ ತಡೆಯಬೇಕು. ತಪಾಸಣೆಯ ಮೇಜಿನಲ್ಲಿ ತೂಕದ ಬಟ್ಟು ತೂಗುಹಾಕಿ ನೋಡುತ್ತಾರೆ. ಹಿರಿಯರ ಪಂದ್ಯದಲ್ಲಿ ಮೊದಲು 15 ನಿಮಿಷ ತಯಾರಿ ಮತ್ತು ಪರೀಕ್ಷೆಯ ಗುಂಡು, ಆಮೇಲೆ ಎಲೆಕ್ಟ್ರಾನಿಕ್ ಗುರಿಯಾದರೆ 75 ನಿಮಿಷದಲ್ಲಿ 60 ಗುಂಡು. ‘ಸ್ಟಾರ್ಟ್’ ಎನ್ನುವ ಮುಂಚೆ, ‘ಸ್ಟಾಪ್’ ಎಂದ ಮೇಲೆ ಬೆರಳು ಆಡುವಂತಿಲ್ಲ.

ಪಿಸ್ತೂಲು ಕೆಟ್ಟರೆ ಮಾಡಬೇಕಾದದ್ದು ಶೀರ್ಷಿಕೆಯಲ್ಲಿರುವ ಮೂರೇ ಕೆಲಸ. ಬಾಯಿ ಗುರಿಯ ಕಡೆಗೇ ಇರಲಿ. ಮೇಜಿನ ಮೇಲೆ ಇಡು. ಇನ್ನೊಂದು ಕೈ ಎತ್ತಿ ಸುಮ್ಮನೆ ನಿಲ್ಲು. ಆಫೀಸರ್ ಬರುತ್ತಾರೆ. ಅಪ್ಪ, ಅಮ್ಮ, ಕೋಚ್ ಯಾರನ್ನೂ ತಿರುಗಿ ನೋಡುವ ಅಗತ್ಯವಿಲ್ಲ. ಇದನ್ನು ಮನೆಯಲ್ಲಿ ಮಾಡಿಸಿ. ಡ್ರೈ ಪ್ರಾಕ್ಟೀಸ್ ನಡುವೆ ನಾನು ‘ಕೆಟ್ಟಿತು’ ಎನ್ನುತ್ತೇನೆ. ಅವಳು ಮೂರನ್ನೂ ಮಾಡಬೇಕು. ಕೆಲವೊಮ್ಮೆ ಹಿಂದಿನಿಂದ ಹೆಸರು ಹಿಡಿದು ಕೂಗುತ್ತೇನೆ, ತಾಟು ಬೀಳಿಸುತ್ತೇನೆ. ಮೊದಮೊದಲು ತಿರುಗುತ್ತಿದ್ದಳು. ಈಗ ಪಿಸ್ತೂಲು ಮೇಜಿಗೆ ಹೋದ ಮೇಲೆಯೇ ಕತ್ತು ಹೊರಳುತ್ತದೆ.

ಕೆಡುವುದು ಎಂಥವರಿಗೂ ತಪ್ಪಿದ್ದಲ್ಲ. 2021ರ ಜುಲೈ 25ರಂದು ಟೋಕಿಯೊದಲ್ಲಿ ಮನು ಭಾಕರ್ ಅವರ ಪಿಸ್ತೂಲು ಅರ್ಹತಾ ಸುತ್ತಿನ ನಡುವೆ ಕೆಟ್ಟು, ಅದನ್ನು ಸರಿಪಡಿಸುವಷ್ಟರಲ್ಲಿ ಹಲವು ನಿಮಿಷ ಹೋದವು. 575 ಅಂಕ ಗಳಿಸಿ 12ನೇ ಸ್ಥಾನಕ್ಕೆ ನಿಂತರು, ಫೈನಲ್ ತಪ್ಪಿತು. ಮೂರು ವರ್ಷದ ಮೇಲೆ ಪ್ಯಾರಿಸ್‌ನಲ್ಲಿ ಎರಡು ಕಂಚು ಅವರದಾದವು. ಆದ್ದರಿಂದ ಬಿಡಿಭಾಗ, ಸಣ್ಣ ಸ್ಕ್ರೂಡ್ರೈವರ್, ಎಲೆಕ್ಟ್ರಾನಿಕ್ ಟ್ರಿಗರ್ ಆದರೆ ಹೊಸ ಸೆಲ್, ಸಾಧ್ಯವಿದ್ದರೆ ಕ್ಲಬ್ಬಿನ ಇನ್ನೊಂದು ಪಿಸ್ತೂಲು ಜೊತೆಗಿರಲಿ. ಸಂಡೂರಿನವರಿಗೆ ಒಂದು ಮಾತು ಹೆಚ್ಚು: ಅದಿರಿನ ಕೆಂಪು ದೂಳು ಮುಚ್ಚಿದ ಪೆಟ್ಟಿಗೆಯೊಳಗೂ ಸೇರುತ್ತದೆ. ಪೆಟ್ಟಿಗೆಯ ಮೇಲೆ ಬಟ್ಟೆಯ ಚೀಲ ಹೊಲಿಸಿ. ಪೆಲೆಟ್ ಡಬ್ಬಿಯನ್ನು ತೆರೆದಿಡಬೇಡಿ.

ಗಾಳಿಯ ಸಿಲಿಂಡರ್ ಬಗ್ಗೆ ಅಸಡ್ಡೆ ಸಲ್ಲದು. ಅದರೊಳಗೆ 200 ಬಾರ್ ಒತ್ತಡವಿರುತ್ತದೆ, ಅಂದರೆ ಹೊರಗಿನ ಗಾಳಿಯ ಇನ್ನೂರು ಪಟ್ಟು. ತಯಾರಕರು ಕೊಟ್ಟ ಅವಧಿ, ಸಾಮಾನ್ಯವಾಗಿ 10 ವರ್ಷ, ಅದರ ಮೈಮೇಲೇ ಅಚ್ಚಾಗಿರುತ್ತದೆ. ಅವಧಿ ಮುಗಿದದ್ದನ್ನು ಬಳಸುವಂತಿಲ್ಲ. ಹಳೆಯ ಪಿಸ್ತೂಲು ಅಗ್ಗಕ್ಕೆ ಸಿಕ್ಕಿತೆಂದು ತರುವವರು ಮೊದಲು ಆ ತಾರೀಖು ಓದಿ. ಏಪ್ರಿಲ್ ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನಲ್ಲಿ ಅದನ್ನು ಬಿಡಬೇಡಿ.

ತನ್ನ ಲೇನಿನ ಸಂಖ್ಯೆಯನ್ನೂ ಗುರಿಯ ಸಂಖ್ಯೆಯನ್ನೂ ಪ್ರತಿ ಸರಣಿಗೆ ಮುಂಚೆ ಬಾಯಿಬಿಟ್ಟು ಹೇಳಿಕೊಳ್ಳುವುದು ಒಳ್ಳೆಯದು. 2004ರ ಅಥೆನ್ಸ್‌ನಲ್ಲಿ ಅಮೆರಿಕದ ಮ್ಯಾಥ್ಯೂ ಎಮನ್ಸ್ ರೈಫಲ್ ಫೈನಲ್‌ನಲ್ಲಿ ಮುಂದಿದ್ದವರು, ಕೊನೆಯ ಗುಂಡನ್ನು ಪಕ್ಕದವನ ಗುರಿಗೆ ಹೊಡೆದು ಚಿನ್ನ ಕಳೆದುಕೊಂಡರು.

ರೈಲಿನಲ್ಲಿ ಒಯ್ಯುವಾಗ ಬೀಗ ಹಾಕಿದ ಪೆಟ್ಟಿಗೆ, ಪೆಲೆಟ್ ಬೇರೆ ಚೀಲದಲ್ಲಿ, ಕ್ಲಬ್ಬಿನ ಪತ್ರ, ಪಂದ್ಯದ ಪ್ರವೇಶಪತ್ರ, ರಸೀದಿ. ಬೋಗಿಯಲ್ಲಿ ಪಕ್ಕದವರು ಕುತೂಹಲದಿಂದ ‘ತೋರಸ್ರೀ’ ಎಂದರೂ ತೆರೆಯಬೇಡಿ.

ಸೀಸ ನಿಧಾನದ ವಿಷ. ಬೆರಳಿಗೆ ಅಂಟಿದ್ದು ಮಿರ್ಚಿ, ಮಂಡಕ್ಕಿಯ ಜೊತೆ ಹೊಟ್ಟೆಗೆ ಹೋಗುತ್ತದೆ. ರೇಂಜಿನೊಳಗೆ ತಿನ್ನುವುದು ಬೇಡ, ಪೆಲೆಟ್ಟನ್ನು ತುಟಿಯಲ್ಲಿ ಕಚ್ಚಿ ಹಿಡಿಯುವುದಂತೂ ಬೇಡವೇ ಬೇಡ. ಹೊರಬಂದ ಕೂಡಲೇ ಸೋಪು ಹಚ್ಚಿ ಕೈ ತೊಳೆಯಬೇಕು. ಮನೆಯ ಪೆಟ್ಟಿಗೆಯಿಂದ ಸೀಸ ತೆಗೆಯುವಾಗ ಗುಡಿಸಬೇಡಿ, ದೂಳು ಏಳುತ್ತದೆ. ಒದ್ದೆ ಬಟ್ಟೆಯಲ್ಲಿ ಒತ್ತಿ ತೆಗೆಯಿರಿ. ಪುಟ್ಟ ಮಕ್ಕಳೂ ಬಸುರಿಯರೂ ಆ ಕೋಣೆಯಿಂದ ದೂರವಿರಲಿ. ಕಣ್ಣಿಗೆ ಗಟ್ಟಿ ಕನ್ನಡಕ ಎಲ್ಲರಿಗೂ, ಹಿಂದೆ ನಿಂತು ನೋಡುವವರಿಗೂ. .22 ಅಥವಾ ಅದಕ್ಕಿಂತ ದೊಡ್ಡದಾದರೆ ಕಿವಿಗೂ ಕಾಪು ಬೇಕು.

ಬಾಗಿಲ ಹಿಂದಿನ ಬಂದೂಕು

ಕಂಪ್ಲಿ, ದರೋಜಿ ಸುತ್ತ ಕಬ್ಬು, ಮೆಕ್ಕೆಜೋಳಕ್ಕೆ ಹಂದಿ ಬರುತ್ತವೆ, ಕರಡಿಯೂ ಬರುತ್ತದೆ. ಬೆಳೆ ಕಾಯಲು ಪರವಾನಗಿ ಪಡೆದ ಒಂಟಿ ನಳಿಗೆಯ ಬಂದೂಕುಗಳು ಹಳೆಯ ಮನೆಗಳಲ್ಲಿವೆ. ಅವನ್ನು ಇಟ್ಟುಕೊಂಡವರು ಸ್ಪರ್ಧೆಗೆ ಎಂದೂ ಹೋಗುವವರಲ್ಲ. ಆದರೆ ಸ್ಪರ್ಧೆಯ ಅಂಗಳದ ಶಿಸ್ತು ಯಾರಿಗಿಂತಲೂ ಹೆಚ್ಚಾಗಿ ಆ ಮನೆಗಳಿಗೆ ಬೇಕು. ತುಂಬಿದ ಬಂದೂಕು ಬಾಗಿಲ ಹಿಂದೆ ಆನಿಸಿಟ್ಟಿರಕೂಡದು. ಬೀಗದೊಳಗೆ ಖಾಲಿ ಬಂದೂಕು, ಇನ್ನೊಂದು ಬೀಗದೊಳಗೆ ತೋಟಾ. ಮುಂದಿನಿಂದ ಮದ್ದು ತುಂಬುವ ಬಂದೂಕು ಹೊತ್ತಿಕೊಳ್ಳದಿದ್ದರೆ ಕೂಡಲೇ ಕೆಳಗಿಳಿಸಿ ನಳಿಗೆಯೊಳಗೆ ಇಣುಕಬೇಡಿ. ದಿಬ್ಬದ ಕಡೆಗೇ ಹಿಡಿದು ಒಂದು ನಿಮಿಷ ಕಾಯಿರಿ, ಮದ್ದು ತಡವಾಗಿ ಹೊತ್ತುವುದುಂಟು. ಸದ್ದು ‘ಪುಸ್’ ಎಂದು ಸಣ್ಣಗೆ ಬಂದರೆ ಗುಂಡು ನಳಿಗೆಯಲ್ಲೇ ಸಿಕ್ಕಿರಬಹುದು, ಮತ್ತೊಂದನ್ನು ಹಾರಿಸಿದರೆ ನಳಿಗೆ ಸೀಳುತ್ತದೆ.

ಕತ್ತಲಲ್ಲಿ ಅಲುಗಿದ್ದಕ್ಕೆಲ್ಲ ಹೊಡೆಯುವುದು ಎಂಥ ಅಪಾಯ ಎಂದು ಬೇರೆ ಹೇಳಬೇಕಿಲ್ಲ. ಕಬ್ಬಿನೊಳಗೆ ಅಲುಗಿದ್ದು ನೀರು ಕಟ್ಟಲು ಬಂದ ಪಕ್ಕದ ಹೊಲದವನೂ ಇರಬಹುದು. ದರೋಜಿ 1994ರಿಂದ ಕರಡಿಧಾಮ. ಕರಡಿ, ನವಿಲು ಎರಡಕ್ಕೂ 1972ರ ವನ್ಯಜೀವಿ ಕಾಯ್ದೆಯ ಕಾವಲಿದೆ. ಪರವಾನಗಿ ಬೇಡದ ಏರ್‌ಗನ್ ಆದರೂ ಅದರಿಂದ ಕಾಡಿನ ಹಕ್ಕಿ ಹೊಡೆಯುವುದು ಅಪರಾಧವೇ. ಮದುವೆ, ಮೆರವಣಿಗೆಯಲ್ಲಿ ಗಾಳಿಗೆ ಗುಂಡು ಹಾರಿಸಿ ಬೇರೆಯವರ ಜೀವಕ್ಕೆ ಕುತ್ತು ತಂದರೆ 2019ರ ತಿದ್ದುಪಡಿಯಂತೆ 2 ವರ್ಷದವರೆಗೆ ಸೆರೆ, 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ. ಅದೇ ತಿದ್ದುಪಡಿ ಒಬ್ಬರು ಇಟ್ಟುಕೊಳ್ಳಬಹುದಾದ ಬಂದೂಕುಗಳನ್ನು ಮೂರರಿಂದ ಎರಡಕ್ಕೆ ಇಳಿಸಿತು, ಪರವಾನಗಿಯ ಅವಧಿಯನ್ನು ಮೂರರಿಂದ ಐದು ವರ್ಷಕ್ಕೆ ಏರಿಸಿತು.

ಮನೆಯಲ್ಲಿ ಯಾರಾದರೂ ಸಾಲದಿಂದಲೋ ದುಃಖದಿಂದಲೋ ಕುಗ್ಗಿದ್ದರೆ ಆ ಬಂದೂಕು ಮನೆಯಲ್ಲಿರುವುದು ಬೇಡ. ಚುನಾವಣೆಗೆ ಠಾಣೆಗೆ ಒಪ್ಪಿಸುತ್ತೀರಲ್ಲ, ಹಾಗೆಯೇ ಠಾಣೆಯಲ್ಲಿ ವಿಚಾರಿಸಿ ಒಪ್ಪಿಸಿಬಿಡಿ. 14416ಕ್ಕೆ ಕರೆ ಮಾಡಿದರೆ ಮಾನಸಿಕ ನೆರವಿನ ಸಹಾಯವಾಣಿ ಟೆಲಿ ಮಾನಸ್‌ನವರು ಕನ್ನಡದಲ್ಲೇ ಮಾತಾಡುತ್ತಾರೆ.

ಪೆಟ್ಟಾದಾಗ: ಕಣ್ಣಿಗೆ ಪೆಲೆಟ್ ಬಿದ್ದರೆ ಉಜ್ಜಬೇಡಿ, ನೀರು ಎರಚಬೇಡಿ, ತೆಗೆಯಲು ಹೋಗಬೇಡಿ, ಎಣ್ಣೆ ಗಿಣ್ಣೆ ಏನೂ ಹಾಕಬೇಡಿ. ಕಾಗದದ ಲೋಟವೊಂದನ್ನು ಕಣ್ಣಿಗೆ ಒತ್ತದಂತೆ ಮೇಲೆ ಮುಚ್ಚಿ ಪಟ್ಟಿ ಸುತ್ತಿ, ತಲೆ ಎತ್ತರದಲ್ಲಿಟ್ಟು ಕಣ್ಣಿನ ಡಾಕ್ಟರ ಬಳಿಗೆ ಒಯ್ಯಿರಿ. ಅಲ್ಲಿ ಶಸ್ತ್ರಚಿಕಿತ್ಸೆ ಬೇಕಾಗಬಹುದು, ದಾರಿಯಲ್ಲಿ ತಿನ್ನಲು ಕುಡಿಯಲು ಕೊಡಬೇಡಿ. ಮೈಗೆ ಹೊಕ್ಕ ಪೆಲೆಟ್ ಸಣ್ಣ ತೂತಿನಂತೆ ಕಂಡರೂ ಆಸ್ಪತ್ರೆಗೆ ಹೋಗಲೇಬೇಕು, ಆಳ ಎಷ್ಟೆಂದು ಹೊರಗಿನಿಂದ ತಿಳಿಯದು. ರಕ್ತ ಹರಿಯುತ್ತಿದ್ದರೆ ಶುಭ್ರ ಬಟ್ಟೆಯಿಟ್ಟು ಅಂಗೈಯಿಂದ ಬಿಡದೆ ಒತ್ತಿ ಹಿಡಿಯಿರಿ, 108ಕ್ಕೆ ಫೋನ್ ಮಾಡಿ. ನಮ್ಮ ಕಡೆಗೆ ದೊಡ್ಡಾಸ್ಪತ್ರೆ ಎಂದರೆ ಮೊದಲು ವಿಮ್ಸ್ ಎನ್ನುತ್ತಿದ್ದ ಬಳ್ಳಾರಿಯ ವೈದ್ಯಕೀಯ ಕಾಲೇಜು ಆಸ್ಪತ್ರೆ. ಯಾವ ಗಾಡಿಯಲ್ಲಿ ಹೋಗುವುದು, ಯಾರು ಓಡಿಸುವುದು ಎಂಬುದನ್ನು ಅಭ್ಯಾಸ ಶುರುಮಾಡುವ ಮುಂಚೆಯೇ ಗೊತ್ತುಮಾಡಿಕೊಳ್ಳಿ.

ನಮ್ಮ ಮಕ್ಕಳಲ್ಲಿ ಬಹುಪಾಲು ಮಂದಿ ಮೊದಲು ಬಂದೂಕು ಮುಟ್ಟುವುದು ಜಾತ್ರೆಯ ಬಲೂನು ಅಂಗಡಿಯಲ್ಲಿ. ಹಂಪಿ ತೇರಿನ ದಿನ ಮಗಳನ್ನು ಕರೆದುಕೊಂಡು ಅಂಥ ಒಂದು ಅಂಗಡಿಯ ಮುಂದೆ ನಿಂತಿದ್ದೆ. ಪುಟ್ಟ ಹುಡುಗನೊಬ್ಬ ಏರ್‌ಗನ್ ಎತ್ತಿಕೊಂಡು ಅಕ್ಕನನ್ನು ಕರೆಯಲು ಜನರ ಕಡೆ ತಿರುಗಿದ. ಮಗಳು ನಳಿಗೆಯನ್ನು ಮೇಲಿನಿಂದ ಹಿಡಿದು ಬಲೂನಿನ ಹಲಗೆಯ ಕಡೆ ಸರಿಸಿ, ‘ತಮ್ಮಾ, ಇದರ ಬಾಯಿ ಆ ಕಡೀಗೇ ಇರ್ಲಿ’ ಎಂದಳು. ಅಂಗಡಿಯವನ ಹತ್ತಿರ ಅವಳೇ ಮಾತಾಡಿದಳು: ಬಂದೂಕಿನ ನಡುವಿಗೆ ಒಂದು ಹಗ್ಗ ಕಟ್ಟಿ ಮೇಜಿನ ಮುಂದಿನ ಕಾಲಿಗೆ ಬಿಗಿದರೆ ಅದು ಅಷ್ಟು ಸುಲಭವಾಗಿ ಹಿಂದಕ್ಕೆ ಹೊರಳುವುದಿಲ್ಲ. ಅವನು ಒಳಗೆ ಹೋಗಿ ಬಲೂನು ಕಟ್ಟುವ ಹುರಿ ತಂದ. ಅದು ಸಾಲಲಿಲ್ಲ, ಪಕ್ಕದ ಬೆಂಡು ಬತ್ತಾಸಿನ ಅಂಗಡಿಯಿಂದ ಎರಡು ಮೊಳ ಸೆಣಬಿನ ಹಗ್ಗ ಕೇಳಿ ತಂದು ಕಟ್ಟಿದೆವು.